ನೇತ್ರಾವತಿ ರೈಲಿನಲ್ಲಿ ಮುಂಬೈಗೆ: ದಾರಿಯಲ್ಲಿ ನೆಟ್ ಸಿಗುತ್ತದಾ, ಲ್ಯಾಪ್‌ಟಾಪ್ ಚಾರ್ಜ್ ಮಾಡಬಹುದಾ?

ಪೆರ್ಲದವಳು:

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಕಾಸರಗೋಡಿನಿಂದ ನೇತ್ರಾವತಿ ಹತ್ತುವುದುಂಟು. ಅಣ್ಣನ ಮನೆ ಡೊಂಬಿವಲಿಯಲ್ಲಿ, ಹಾಗಾಗಿ ಠಾಣೆಯಲ್ಲಿ ಇಳಿಯುತ್ತೇವೆ. ಥ್ರೀ ಎಸಿ ಸಿಗಲಿಲ್ಲ, ಸ್ಲೀಪರ್ ಕನ್ಫರ್ಮ್ ಆಗಿದೆ.

ನಾನು ಮನೆಯಲ್ಲೇ ಕೂತು ಒಂದು ಕಂಪನಿಯ ಲೆಕ್ಕ ಬರೆಯುವವಳು. ಮರುದಿನ ಬೆಳಗ್ಗೆ ಹತ್ತಕ್ಕೆ ಒಂದು ವಿಡಿಯೋ ಕಾಲ್ ಇದೆ. ಮಧ್ಯಾಹ್ನದೊಳಗೆ ಒಂದು ಎಕ್ಸೆಲ್ ಶೀಟ್ ಕಳಿಸಬೇಕು. ಗಾಡಿಯಲ್ಲಿ ವೈಫೈ ಇರುತ್ತದಾ? ಇಲ್ಲದಿದ್ದರೆ ಮೊಬೈಲ್ ನೆಟ್ ನಂಬಬಹುದಾ? ಸ್ಲೀಪರ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದಾ?

ಇನ್ನೊಂದು ಚಿಂತೆ ಅಮ್ಮನ ಊಟದ್ದು. ಅವರಿಗೆ ಶುಗರ್ ಇದೆ, ಮಂಡಿ ನೋವೂ ಉಂಟು. ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ.

ಉಪ್ಪಳ ಪೇಟೆ:

ಗಾಡಿಯೊಳಗೆ ವೈಫೈ ಇಲ್ಲ ಅಕ್ಕ. ಹಿಂದೆ ಹೌರಾ ರಾಜಧಾನಿಯಲ್ಲಿ ಉಪಗ್ರಹದ ಮೂಲಕ ಕೊಟ್ಟು ನೋಡಿದ್ದರು. ಖರ್ಚು ಜಾಸ್ತಿ, ವೇಗವೂ ಸಾಲುವುದಿಲ್ಲ ಅಂತ ಕೈಬಿಟ್ಟರು. 2021ರಲ್ಲಿ ರೈಲ್ವೆ ಮಂತ್ರಿಗಳೇ ಲೋಕಸಭೆಯಲ್ಲಿ ಇದನ್ನು ಹೇಳಿದ್ದಾರೆ.

ಸ್ಟೇಷನ್ನಿನ ವೈಫೈ ಬೇರೆ ವಿಷಯ. ಅದು 2016ರಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಗೂಗಲ್ ಜೊತೆ ಸೇರಿ ಶುರುವಾದದ್ದು, ಈಗ ರೈಲ್ವೆಯದೇ ಕಂಪನಿ ರೈಲ್‌ಟೆಲ್ ನಡೆಸುತ್ತಿದೆ. ದಿನಕ್ಕೆ ಮೊದಲ ಅರ್ಧ ಗಂಟೆ ಪುಕ್ಕಟೆ. ಆದರೆ ಮೊಬೈಲಿಗೆ ಓಟಿಪಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಓಟಿಪಿ ಬರುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಕಾಸರಗೋಡಿನಲ್ಲಿ ಸ್ವಲ್ಪ ಬೇಗ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ಕೂತರೆ ಉಪಯೋಗ ಆದೀತು, ಅಷ್ಟೇ.

ಕುಂಬಳೆಯ ಮುಂಬೈಕಾರ:

ನಾನು ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡಿಕೊಂಡು ಬಂದವನು. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದ ಮೇಲೆ ಊರಿಗೆ ಬರುವುದು ಹೋಗುವುದು ಇದೇ ದಾರಿಯಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ ತಂಗಿ.

ಮೊದಲು ಆ ಹತ್ತು ಗಂಟೆಯ ಕಾಲ್. ಆ ಹೊತ್ತಿಗೆ ಗಾಡಿ ರತ್ನಾಗಿರಿ ಜಿಲ್ಲೆಯ ಬೆಟ್ಟಗಳಲ್ಲೇ ಇರುವ ಸಾಧ್ಯತೆ ಜಾಸ್ತಿ. ಕೊಂಕಣ ದಾರಿಯಲ್ಲಿ ಒಟ್ಟು 91 ಸುರಂಗ. ಎಲ್ಲಕ್ಕಿಂತ ಉದ್ದದ ಕರ್ಬುಡೆ ಸುರಂಗ ರತ್ನಾಗಿರಿ ದಾಟಿದ ಕೂಡಲೇ ಬರುತ್ತದೆ. ಆರೂವರೆ ಕಿಲೋಮೀಟರ್ ಉಂಟು ಅದು. ಒಳಗೆ ಹೊಕ್ಕ ಮೇಲೆ ಕಿವಿಗೆ ಗಾಳಿ ಬಡಿಯುತ್ತದೆ, ಪಕ್ಕದವರ ಮಾತೂ ಕೇಳಿಸುವುದಿಲ್ಲ, ಫೋನಿನಲ್ಲಿ ಸಿಗ್ನಲಿನ ಒಂದು ಗೆರೆಯೂ ಇರುವುದಿಲ್ಲ. ಹೊರಗೆ ಬಂದು ನೆಟ್ ಹಿಡಿಯುವಷ್ಟರಲ್ಲಿ ಇನ್ನೊಂದು ಸುರಂಗ, ಇಲ್ಲದಿದ್ದರೆ ಎರಡೂ ಕಡೆ ಕಡಿದ ಗುಡ್ಡ. ಅಲ್ಲಿ ವಿಡಿಯೋ ಕಾಲ್ ನಡೆಯುವುದಿಲ್ಲ. ಕಾಲ್ ಹಿಂದಿನ ದಿನಕ್ಕೆ ಹಾಕಿಸಿಕೊಳ್ಳಿ. ಆಫೀಸಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಕೇಳುತ್ತಾರೆ.

ಎಕ್ಸೆಲ್ ಶೀಟಿನ ಕಥೆ ಅಷ್ಟು ಕಷ್ಟ ಅಲ್ಲ. ಫೈಲನ್ನು ಮನೆಯಲ್ಲೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ನೆಟ್ ಇಲ್ಲದೆಯೇ ಕೆಲಸ ಮುಗಿಸಿ, ಗಾಡಿ ದೊಡ್ಡ ಸ್ಟೇಷನ್ನಿನಲ್ಲಿ ನಿಂತಾಗ ಕಳಿಸಿ. ರತ್ನಾಗಿರಿ, ಚಿಪ್ಳೂಣ್ ಊರ ಹತ್ತಿರ ನೆಟ್ ಚೆನ್ನಾಗಿರುತ್ತದೆ.

ನಮ್ಮ ಕಡೆಯವರು ಗಮನಿಸಬೇಕಾದ ಒಂದು ಸಂಗತಿ. ನಮ್ಮ ಸಿಮ್ ಕೇರಳ ಸರ್ಕಲ್‌ನದ್ದು, ಅಂದರೆ ಕೇರಳದ ಮೊಬೈಲ್ ವಲಯದ್ದು. ಮಂಜೇಶ್ವರ ಬಿಟ್ಟು ತಲಪಾಡಿ ದಾಟಿದರೆ ಕರ್ನಾಟಕ ಸರ್ಕಲ್, ಕಾರವಾರ ಕಳೆದರೆ ಮಹಾರಾಷ್ಟ್ರ–ಗೋವಾ, ಕೊನೆಗೆ ಮುಂಬೈಯದ್ದು ಬೇರೆಯೇ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇದ್ದರೆ ಗಡಿ ದಾಟಿದ ಮೇಲೆ ಫೋನಿನಲ್ಲಿ ಗೆರೆ ತುಂಬಾ ಇದ್ದರೂ ನೆಟ್ ಬರುವುದಿಲ್ಲ. ಮನೆಯಿಂದ ಹೊರಡುವಾಗಲೇ ಆನ್ ಮಾಡಿ. ಅಮ್ಮನ ಫೋನಿನಲ್ಲೂ ನೋಡಿ.

ಇನ್ನು ಚಾರ್ಜಿಂಗ್. ನನಗೆ ನಿಜಕ್ಕೂ ಬೇಜಾರಾಗುವುದು ಇಲ್ಲಿ. ಸ್ಲೀಪರ್‌ನಲ್ಲಿ ಸಾಕೆಟ್ ಸಾಮಾನ್ಯವಾಗಿ ಕಿಟಕಿಯ ಪಕ್ಕ ಇರುತ್ತದೆ, ಕೆಳಗಿನ ಬರ್ತಿನವರಿಗೆ ಮಾತ್ರ ಕೈಗೆಟಕುತ್ತದೆ. ಎಷ್ಟೋ ಜನ ಪಿನ್ ಹಾಕಿ ತೆಗೆದು ಒಳಗಿನ ಲೋಹದ ಪಟ್ಟಿ ಸಡಿಲವಾಗಿರುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಪ್ಲಗ್ ಹಾಕಿದರೆ ಅದರ ಭಾರಕ್ಕೇ ಮುಂದೆ ವಾಲುತ್ತದೆ. ಸ್ಟೇಷನ್ ಹತ್ತಿರ ಗಾಡಿ ಹಳಿ ಬದಲಿಸುವಾಗ ಒಂದು ಕುಲುಕಾಟಕ್ಕೆ ಕಳಚಿ ಯಾರದ್ದೋ ಕಾಲ ಮೇಲೆ ಬೀಳುತ್ತದೆ. ಎರಡು ಪಿನ್ನಿನ ಸಣ್ಣ ಮೊಬೈಲ್ ಚಾರ್ಜರ್ ಆದರೆ ನಿಲ್ಲುತ್ತದೆ. ಲ್ಯಾಪ್‌ಟಾಪನ್ನು ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ ಆಫ್ ಮಾಡಿಕೊಂಡು ತನ್ನಿ. ಜೊತೆಗೆ ಒಂದು ಪವರ್ ಬ್ಯಾಂಕ್ ಇರಲಿ.

ರಾತ್ರಿ ಇಡೀ ಚಾರ್ಜಿಗೆ ಇಡುತ್ತೇನೆ ಅಂತ ಅಂದುಕೊಳ್ಳಬೇಡಿ. ಬೆಂಕಿ ಅನಾಹುತದ ಭಯಕ್ಕೆ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟಿನ ಕರೆಂಟು ನಿಲ್ಲಿಸಬೇಕು ಅಂತ 2021ರಲ್ಲಿ ರೈಲ್ವೆ ಬಿಗಿ ಮಾಡಿತು. ಎಲ್ಲ ಗಾಡಿಯಲ್ಲೂ ಒಂದೇ ಥರ ಪಾಲಿಸುವುದಿಲ್ಲ, ಆದರೆ ಇಲ್ಲ ಅಂತಲೇ ಲೆಕ್ಕ ಹಾಕಿ ಹೊರಡುವುದು ಒಳ್ಳೆಯದು. ನೆಟ್ ಇಲ್ಲದ ಕಡೆ ಫೋನ್ ಟವರ್ ಹುಡುಕುತ್ತಾ ಸುಮ್ನೆ ಚಾರ್ಜ್ ತಿನ್ನುತ್ತದೆ. ಮಲಗುವಾಗ ಏರೋಪ್ಲೇನ್ ಮೋಡ್‌ಗೆ ಹಾಕಿ.

ವೈಫೈ ಆಮೇಲೆ ಬರಲಿ. ಸ್ಲೀಪರ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಹೋಗುವವರಿಗೆ ಮೊದಲು ಗಟ್ಟಿ ಸಾಕೆಟ್ ಬೇಕು, ಕಕ್ಕಸಿನಲ್ಲಿ ಕೊನೆಯವರೆಗೆ ನೀರು ಬೇಕು. ಹೆಂಗಸರು ಮಕ್ಕಳು ಬೆಳಗ್ಗೆ ಎದ್ದು ಒಣ ನಲ್ಲಿ ತಿರುಗಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀರು ಇಲ್ಲದಿದ್ದರೆ ಸಂಕೋಚ ಬೇಡ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ವೆಯ ದೂರಿನ ಆ್ಯಪ್ ರೈಲ್ ಮದದ್‌ನಲ್ಲಿ ಪಿಎನ್‌ಆರ್ ಮತ್ತು ಬೋಗಿ ನಂಬರ್ ಹಾಕಿ ದೂರು ಕೊಡಿ. ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ನೀರು ತುಂಬಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬದಿಯಡ್ಕದ ಟೀಚರ್:

ಊಟದ ಬಗ್ಗೆ ನಾನು ಹೇಳುತ್ತೇನೆ. ರಾತ್ರಿಗೆ ಮನೆಯಿಂದಲೇ ಚಪಾತಿ, ಪಲ್ಯ ಕಟ್ಟಿಕೊಳ್ಳಿ. ಮರುದಿನಕ್ಕೆ ಐಆರ್‌ಸಿಟಿಸಿ ಇ-ಕೇಟರಿಂಗ್‌ನಲ್ಲಿ ಪಿಎನ್‌ಆರ್ ಹಾಕಿದರೆ ಯಾವ ಸ್ಟೇಷನ್ನಿನಲ್ಲಿ ಎಂತ ಸಿಗುತ್ತದೆ ಅಂತ ತೋರಿಸುತ್ತದೆ, ಸೀಟಿಗೇ ತಂದು ಕೊಡುತ್ತಾರೆ. ಆದರೆ ನೆಟ್ ಇರುವಾಗಲೇ ಆರ್ಡರ್ ಮಾಡಿ. ಶುಗರ್ ಇರುವವರು ಆ ಊಟವನ್ನೇ ನಂಬಿ ಕೂರಬಾರದು. ಗಾಡಿ ಲೇಟಾದರೆ ಊಟವೂ ಲೇಟು. ಅವಲಕ್ಕಿ, ಹುರಿದ ಕಡಲೆ, ಒಂದೆರಡು ಬಾಳೆಹಣ್ಣು ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಇದ್ದರೆ ತಂಪು ಉಳಿಯುವ ಚೀಲದಲ್ಲಿ ಇಡಿ, ಸ್ಲೀಪರ್‌ನಲ್ಲಿ ಹಗಲು ಸೆಕೆ ಜೋರು.

ಅಮ್ಮನಿಗೆ ಯಾವ ಬರ್ತ್ ಬಂದಿದೆ? ಮೇಲಿನದ್ದು ಬಂದಿದ್ದರೆ ಹತ್ತಿದ ಕೂಡಲೇ ಟಿಟಿಇ ಅವರನ್ನು ಕೇಳಿ. ಕೆಳಗಿನದ್ದು ಖಾಲಿ ಇದ್ದರೆ ವಯಸ್ಸಾದವರಿಗೆ ಬದಲಿಸಿ ಕೊಡುತ್ತಾರೆ.

ಪೆರ್ಲದವಳು:

ತುಂಬಾ ಉಪಕಾರ ಆಯಿತು. ಅಮ್ಮನಿಗೆ ಕೆಳಗಿನ ಬರ್ತ್, ನನಗೆ ನಡುವಿನದ್ದು. ಮೇಡಮ್ಮಿಗೆ ಈಗಷ್ಟೇ ಫೋನ್ ಮಾಡಿದೆ, ಕಾಲ್ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಇಟ್ಟುಕೊಳ್ಳಲು ಒಪ್ಪಿದರು. ಶೀಟ್ ರತ್ನಾಗಿರಿಯಲ್ಲಿ ಕಳಿಸುತ್ತೇನೆ. ಡೇಟಾ ರೋಮಿಂಗ್ ನೋಡಿದೆ ಅಣ್ಣ, ಇಬ್ಬರ ಫೋನಿನಲ್ಲೂ ಆಫ್ ಇತ್ತು.

ಕುಂಬಳೆಯ ಮುಂಬೈಕಾರ:

ಒಳ್ಳೆಯದಾಯಿತು. ಮಳೆಗಾಲದಲ್ಲಿ ಕೊಂಕಣ ದಾರಿಯ ವೇಳಾಪಟ್ಟಿಯೇ ಬೇರೆ ಇರುತ್ತದೆ, ಗಾಡಿ ನಿಧಾನ ಓಡುತ್ತದೆ. ಹೊರಡುವ ಹಿಂದಿನ ದಿನ ಕಾಸರಗೋಡಿನ ಟೈಮ್ ಇನ್ನೊಮ್ಮೆ ನೋಡಿಕೊಳ್ಳಿ.