ಒಂದೇ ಒಂದು ಹಳೇ ಕಲಮಜೂ ಗಿಟಾರ್ ಇಟ್ಕೊಂಡು ಪುಟ್ಟ ಪ್ರದರ್ಶನ ಮಾಡೋದ್ ಹೇಗೆ? ಗೊತ್ತಿರೋರು ಹೇಳಿ

ಮೈಸೂರು ಟು ಮಿಶಿಗನ್:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಒಂಬತ್ತು ವರ್ಷದಿಂದ ಅಮೆರಿಕದ ಮಿಶಿಗನ್‌ನಲ್ಲಿ ಕಲಮಜೂ ಅನ್ನೋ ಊರಲ್ಲಿದೀನಿ. ಇಲ್ಲೊಂದು ಚಿಕ್ಕ ಲೈಬ್ರರಿಗೆ ಶನಿವಾರ ಶನಿವಾರ ವಾಲಂಟಿಯರ್ ಆಗಿ ಹೋಗ್ತೀನಿ, ಅಲ್ಲಿ ಊರಿನ ಇತಿಹಾಸಕ್ಕೆ ಅಂತ ಒಂದು ರೂಮಿದೆ, ಅದರಲ್ಲಿ ಒಂದು ಗಾಜಿನ ಬೀರು, ಅದರಲ್ಲಿ ಮೂರು ತಿಂಗಳಿಗೊಂದು ವಿಷಯ ಇಡ್ತಾರೆ. ಈ ಸಲ ನಂಗೆ ವಹಿಸಿದಾರೆ.

ಈ ಊರಲ್ಲಿ ಗಿಟಾರ್ ಅಂದ್ರೆ ಗಿಬ್ಸನ್. 1902ರಲ್ಲಿ ಕಂಪನಿ ಶುರುವಾಗಿದ್ದೇ ಇಲ್ಲಿ, 1917ರಲ್ಲಿ ಪಾರ್ಸನ್ಸ್ ಸ್ಟ್ರೀಟ್‌ನಲ್ಲಿ ಇಟ್ಟಿಗೆ ಕಾರ್ಖಾನೆ ಕಟ್ಟಿದ್ರು, 1984ರಲ್ಲಿ ಬಾಗಿಲು ಹಾಕಿ ಎಲ್ಲಾ ನ್ಯಾಶ್‌ವಿಲ್‌ಗೆ ಹೋಯ್ತು. ಆದ್ರೆ ನನ್ನ ಕೈಗೆ ಬಂದಿರೋದು ಗಿಬ್ಸನ್ ಅಂತ ಬರೆದಿರೋ ಗಿಟಾರ್ ಅಲ್ಲ. ಪಕ್ಕದ ಮನೆ ಅಜ್ಜಿ ಅವರಮ್ಮನ ಗಿಟಾರ್ ಕೊಟ್ಟಿದಾರೆ, ಅದರ ತಲೆ ಮೇಲೆ ಬರೀ ಊರಿನ ಹೆಸರು, "ಕಲಮಜೂ" ಅಂತ. ವಿಚಾರಿಸಿದ್ರೆ ಗೊತ್ತಾಯ್ತು, 1930ರ ದಶಕದಲ್ಲಿ ಜನರ ಹತ್ರ ದುಡ್ಡಿಲ್ಲದಾಗ ಗಿಬ್ಸನ್‌ನವರು ತಮ್ಮ ಹೆಸರಿನ ಗಿಟಾರ್ ಬೆಲೆ ಇಳಿಸೋ ಬದಲು ಅದೇ ಕಾರ್ಖಾನೆಯಲ್ಲಿ ಬೇರೆ ಹೆಸರಲ್ಲಿ ಅಗ್ಗದ ಗಿಟಾರ್ ಮಾಡ್ತಿದ್ರಂತೆ. ಅದರಲ್ಲೇ ಒಂದು ಇದು, ಕೆಜಿ-11 ಅಂತ ಮಾಡೆಲ್, ಪುಟ್ಟ ಮೈ, ಸನ್‌ಬರ್ಸ್ಟ್ ಬಣ್ಣ, ಅಂದ್ರೆ ನಡುವೆ ತಿಳಿ, ಅಂಚಿಗೆ ಗಾಢ.

ಅಜ್ಜಿಯ ಅಮ್ಮ ಎರಡನೇ ಮಹಾಯುದ್ಧದ ಟೈಮಲ್ಲಿ ಅದೇ ಕಾರ್ಖಾನೆಗೆ ಕೆಲಸಕ್ಕೆ ಹೋಗ್ತಿದ್ರಂತೆ, ಗಿಟಾರ್ ಕುತ್ತಿಗೆಗಳಿಗೆ ಉಪ್ಪುಕಾಗದ ಉಜ್ಜೋ ಕೆಲಸ. ಸಂಜೆ ಬಂದು ಕೈಯಲ್ಲಿರೋ ಮರದ ಪುಡಿ ತೊಳೆದು ಆಮೇಲೆ ಈ ಗಿಟಾರ್ ಹಿಡೀತಿದ್ರು ಅಂತ ಅಜ್ಜಿ ಹೇಳುವಾಗ ಅವರ ಕೈ ಕೂಡ ತೊಳೆಯೋ ಹಾಗೆ ಆಡುತ್ತೆ, ಅದನ್ನ ನೋಡಿದ ಮೇಲೆ ಇದನ್ನ ಹೇಗೇಗೋ ಮಾಡಿ ಮುಗಿಸೋಕೆ ಮನಸ್ಸೇ ಬರ್ತಿಲ್ಲ.

ಬಜೆಟ್ 400 ಡಾಲರ್. ಬೀರು ಆರಡಿ ಅಗಲ, ಎರಡಡಿ ಆಳ. ತಂತಿ ಇರಲಾ ತೆಗೀಲಾ? ಒರೆಸಿ ಪಾಲಿಶ್ ಮಾಡ್ಲಾ? ಎಷ್ಟು ಬರೀಬೇಕು? ಇನ್ನೊಂದು ಆಸೆ, ಫ್ರೆಟ್‌ಬೋರ್ಡ್, ಅಂದ್ರೆ ಕುತ್ತಿಗೆ ಮೇಲೆ ಬೆರಳಿಡೋ ಪಟ್ಟಿ, ರೋಸ್‌ವುಡ್ ಅಂತಾರೆ, ನಮ್ಮ ಕಡೆ ಬೀಟೆ ಇರಬಹುದಾ? ಇದ್ರೆ ಅದೂ ಒಂದು ಸಾಲು ಬರೀಬಹುದಲ್ವಾ.

ಧಾರವಾಡ ತಂಬೂರಿ:

ಅಕ್ಕಾರ, ಮೊದಲ ಮಾತು, ಪಾಲಿಶ್ ಮುಟ್ಟಬ್ಯಾಡ್ರಿ. ನಮ್ಮನ್ಯಾಗ ಅಜ್ಜನ ಕಾಲದ ಮಿರಜ್ ತಂಬೂರಿ ಐತಿ, ಅದನ್ನ ಒಬ್ಬರು ಹೊಸದರಂಗ ಕಾಣಲಿ ಅಂತ ಉಜ್ಜಿ ಹೊಳಪು ಕೊಟ್ರು, ಅಜ್ಜ ಕೈ ಇಡೋ ಜಾಗದಾಗ ಕಪ್ಪಾಗಿದ್ದ ಗುರುತು ಹೋಗೇಬಿಡ್ತು, ಈಗೂ ಅದನ್ನ ನೋಡಿದ್ರ ಹೊಟ್ಟಿ ಉರೀತೈತಿ. ಒಣ ಮೆತ್ತನ ಅರಿವಿಯಿಂದ ಧೂಳ ಅಷ್ಟ ತಗೀರಿ.

ತಂತಿ ಇರಲಿ, ಆದ್ರ ಸಡಲ ಮಾಡ್ರಿ. ಆರು ಸ್ಟೀಲ್ ತಂತಿ ಪೂರ್ತಿ ಶ್ರುತಿಯೊಳಗ ಇದ್ರ ಹತ್ತಿರ ಹತ್ತಿರ 70 ಕೆಜಿ ಎಳೀತಾವ. ಗಿಬ್ಸನ್ ಹೆಸರಿನ ಗಿಟಾರಿನ ಕುತ್ತಿಗಿ ಒಳಗ ಬಿಗಿ ಮಾಡೋ ಕಬ್ಬಿಣದ ಸರಳು ಇರತದ, ಟ್ರಸ್ ರಾಡ್ ಅಂತಾರಲ್ಲ, ಈ ಕಲಮಜೂ ಗಿಟಾರಿಗೆ ರೊಕ್ಕ ಉಳಸಾಕ ಅದನ್ನ ಹಾಕಿರಲಿಲ್ಲ. ಮೂರು ತಿಂಗಳ ಬಿಗಿ ಇಟ್ರ ಕುತ್ತಿಗಿ ಬಾಗತದ. ತಂತಿ ಪೂರ್ತಿ ತಗದ್ರ ಬ್ರಿಡ್ಜ್, ಅಂದ್ರ ಮೈ ಮ್ಯಾಲ ತಂತಿ ಕೂರೋ ಮರದ ತುಂಡು, ಅದರ ಕಡೆ ನೋಡಾಕ ಸತ್ತಂಗ ಕಾಣತದ. ಎರಡು ಮೂರು ಸ್ವರ ಕೆಳಗ ಇಳಿಸಿ ಇಡ್ರಿ, ಸಾಕು. ಇಳಿಸೋಕಿಂತ ಮುಂಚೆ ಯಾರರ ಬಲ್ಲವರು ಬ್ರಿಡ್ಜ್ ಎದ್ದೈತೇನು ಅಂತ ನೋಡಿ, ಒಂದು ಸಲ ನುಡಿಸಿ ರೆಕಾರ್ಡ್ ಮಾಡಿ ಇಟ್ಕೋರಿ.

ಹವಾ ಬಗ್ಗೆ ಹುಷಾರ್ರಿ. ನಿಮ್ಮ ಕಡೆ ಚಳಿಗಾಲದಾಗ ಹೀಟರ್ ಹಚ್ಚಿದ್ರ ಒಳಗಿನ ಗಾಳಿ ನಮ್ಮ ಏಪ್ರಿಲ್ ಬಿಸಲಿಗಿಂತ ಒಣಗತೈತಿ, ಮುಂದಿನ ಸ್ಪ್ರೂಸ್ ಹಲಗಿ ಸೀಳತದ. 45ರಿಂದ 50 ಪರ್ಸೆಂಟ್ ತೇವ ಇರಬೇಕು. ತೇವ ಅಳೆಯೋ ಹೈಗ್ರೋಮೀಟರ್ ಸಸ್ತಾ ಸಿಗತದ, ಗಿಟಾರ್ ಇಡೋಕಿಂತ ಎರಡು ವಾರ ಮೊದಲ ಖಾಲಿ ಬೀರುದಾಗ ಇಟ್ಟು ದಿನಾ ನೋಡಿ ಬರದಿಡ್ರಿ. ಕಡಿಮಿ ಬಂತಂದ್ರ ತೇವ ಹಿಡದಿಡೋ ಪ್ಯಾಕೆಟ್ ಬರ್ತಾವ, 49 ಪರ್ಸೆಂಟಿಂದು, ಅವನ್ನ ಗಿಟಾರಿಗೆ ತಾಗದಂಗ ಮೂಲ್ಯಾಗ ಇಡ್ರಿ.

ಸಿಕ್ಸ್ ಸ್ಟ್ರಿಂಗ್ ಸಾಗರ:

ಅಕ್ಕ, ಕೆಜಿ-11 ಸಿಕ್ಕಿದೆ ಅಂದ್ರೆ ನಿಜಕ್ಕೂ ಖುಷಿ ಆಯ್ತು. ಮೊದಲು ವರ್ಷ ಕಂಡುಹಿಡೀರಿ. ಸೌಂಡ್ ಹೋಲ್ ಒಳಗೆ ಡೆಂಟಿಸ್ಟ್ ಹತ್ರ ಇರುತ್ತಲ್ಲ ಆ ತರ ಪುಟ್ಟ ಕನ್ನಡಿ ಹಾಕಿ, ಕುತ್ತಿಗೆ ಮೈಗೆ ಸೇರೋ ಜಾಗದಲ್ಲಿ ಒಳಗಡೆ ಒಂದು ಮರದ ತುಂಡು ಇರುತ್ತೆ, ಅದರ ಮೇಲೆ ಫ್ಯಾಕ್ಟರಿ ಆರ್ಡರ್ ನಂಬರ್ ಒತ್ತಿರ್ತಾರೆ. 30ರ ದಶಕದ ಕೊನೇಲಿ ನಂಬರ್ ಜೊತೆ ಅಕ್ಷರ ಇರುತ್ತೆ, ಡಿ ಅಂದ್ರೆ 1938, ಇ ಅಂದ್ರೆ 1939, ಎಫ್ ಅಂದ್ರೆ 1940. ಅದರ ಪಕ್ಕ ಎರಡನೇ ಅಕ್ಷರ ಜಿ ಇದ್ರೆ ಗಿಬ್ಸನ್, ಕೆ ಇದ್ರೆ ಕಲಮಜೂ. ಕೆಲವದ್ರಲ್ಲಿ ಮಸುಕಾಗಿರುತ್ತೆ, ಟಾರ್ಚ್ ಓರೆಯಾಗಿ ಹಿಡಿದ್ರೆ ಕಾಣುತ್ತೆ.

ಬೀಟೆ ಬಗ್ಗೆ ಕೇಳಿದ್ರಿ. ನಮ್ಮೂರ ಕಡೆ ಕಾಡಲ್ಲಿ ಬೆಳೆಯೋ ಮರ, ನಂಗೂ ಆಸೆನೇ, ಆದ್ರೆ ಬರೀಬೇಡಿ. ಆ ಕಾಲದ ಅಮೆರಿಕನ್ ಗಿಟಾರ್‌ಗಳಿಗೆ ಬರ್ತಿದ್ದ ರೋಸ್‌ವುಡ್ ಬ್ರೆಜಿಲ್‌ದು. 60ರ ದಶಕದ ಕೊನೇಲಿ ಬ್ರೆಜಿಲ್ ಕಡೆಯಿಂದ ದಿಮ್ಮಿ ಬರೋದು ಕಷ್ಟ ಆದ್ಮೇಲೇ ಅಲ್ಲಿನ ದೊಡ್ಡ ಕಂಪನಿಗಳು ನಮ್ಮ ಬೀಟೆ ಕಡೆ ತಿರುಗಿದ್ದು. ಇನ್ನೊಂದು, ಬ್ರೆಜಿಲ್ ರೋಸ್‌ವುಡ್ 1992ರಿಂದ ಅಂತರರಾಷ್ಟ್ರೀಯ ನಿರ್ಬಂಧ ಇರೋ ಮರ, ಹಾಗಾಗಿ ಯಾವತ್ತಾದ್ರೂ ಊರಿಗೆ ತಂದು ತೋರಿಸೋಣ ಅಂತ ಪೇಪರ್ ಇಲ್ಲದೆ ಸೂಟ್‌ಕೇಸ್ ಜೊತೆ ಹೊರಡಬೇಡಿ.

ಸ್ಟ್ಯಾಂಡ್ ವಿಷಯ ನನ್ನ ಸ್ವಂತ ಅನುಭವ. ಆ ಕಾಲದ ಗಿಬ್ಸನ್ ಫಿನಿಶ್ ನೈಟ್ರೋ ಸೆಲ್ಯುಲೋಸ್ ಲ್ಯಾಕರ್, ಅದಕ್ಕೂ ರಬ್ಬರ್, ವಿನೈಲ್‌ಗೂ ಆಗಿಬರಲ್ಲ. ನನ್ನ ಹಳೇ ಗಿಟಾರ್‌ನ ಮಾಮೂಲಿ ಸ್ಟ್ಯಾಂಡ್ ಮೇಲೆ ಒಂದು ಮಳೆಗಾಲ ಪೂರ್ತಿ ಬಿಟ್ಟಿದ್ದೆ, ಎತ್ತಿದಾಗ ಕುತ್ತಿಗೆ ಹಿಂದೆ ಲ್ಯಾಕರ್ ಮೆತ್ತಗಾಗಿ ಟ್ಯೂಬಿನ ಗೆರೆ ಗೆರೆ ಹಾಗೇ ಅಚ್ಚಾಗಿತ್ತು, ಬೆರಳಾಡಿಸಿದ್ರೆ ಇವತ್ತಿಗೂ ಸಿಗುತ್ತೆ. ತಾಗೋ ಜಾಗಕ್ಕೆಲ್ಲ ಒಗೆದ ಬಿಳಿ ಕಾಟನ್ ಬಟ್ಟೆ ಸುತ್ತಿ, ತಲೆಯಿಂದ ನೇತು ಹಾಕೋ ಬದಲು ಸ್ವಲ್ಪ ಹಿಂದಕ್ಕೆ ಒರಗೋ ಹಾಗೆ ಕೆಳಗಿಂದ ಆಸರೆ ಕೊಡಿ.

ಕಥೆ ವಿಷಯಕ್ಕೆ ಬಂದ್ರೆ ನಾನಾಗಿದ್ರೆ ಗಿಬ್ಸನ್‌ನಿಂದಲೇ ಶುರು ಮಾಡ್ತಿದ್ದೆ. 1898ರ ಆರ್ವಿಲ್ ಗಿಬ್ಸನ್ ಪೇಟೆಂಟ್, 1922ರ ಎಲ್-5, 1936ರ ಇಎಸ್-150, 1952ರ ಲೆಸ್ ಪಾಲ್ ಅನ್ನೋ ಹೆಸರಾಂತ ಗಿಬ್ಸನ್ ಮಾಡೆಲ್‌ಗಳು, ಎಲ್ಲಾ ಫೋಟೋ ಸಾಲಾಗಿ ಇಟ್ಟು ಕೊನೇಲಿ ಇದು. ಜನ ಹೆಸರು ನೋಡಿ ನಿಲ್ತಾರೆ ಅಕ್ಕ.

ಲೇಬಲ್ ಬರೆಯೋನು:

ಬೆಂಗಳೂರಲ್ಲಿ ಮ್ಯೂಸಿಯಂ ಡಿಸೈನ್ ಕೆಲಸ ಮಾಡ್ತೀನಿ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಸಾಗರದವರು ಹೇಳಿದ ಬೇರೆಲ್ಲ ಸರಿ, ಕೊನೇದಕ್ಕೆ ಮಾತ್ರ ನಾನು ಒಪ್ಪಲ್ಲ. ಆರಡಿ ಬೀರುವಿನಲ್ಲಿ ನೂರು ವರ್ಷದ ಕಂಪನಿ ಚರಿತ್ರೆ ಸಾಲಾಗಿ ಇಟ್ರೆ ಅಜ್ಜಿಯ ಅಮ್ಮನ ಗಿಟಾರ್ ಕೊನೇ ಮೂಲೆಗೆ ಹೋಗುತ್ತೆ, ನೋಡೋರಿಗೆ ಅದು "ಅಗ್ಗದ್ದು" ಅಂತ ಮಾತ್ರ ನೆನಪುಳಿಯುತ್ತೆ. ಲೆಸ್ ಪಾಲ್ ಫೋಟೋ ಫೋನಲ್ಲಿ ಯಾರಿಗೆ ಬೇಕಾದ್ರೂ ಸಿಗುತ್ತೆ. ಉಪ್ಪುಕಾಗದ ಉಜ್ಜಿದ ಹೆಂಗಸು ಸಂಜೆ ಮನೇಲಿ ನುಡಿಸ್ತಿದ್ದ ಗಿಟಾರ್ ನಿಮ್ಮ ಬೀರು ಬಿಟ್ರೆ ಇನ್ನೆಲ್ಲೂ ಇಲ್ಲ. ನಡುವೆ ಅದೊಂದೇ ಇರಲಿ.

ಯುದ್ಧದ ವರ್ಷಗಳಲ್ಲಿ ಪಾರ್ಸನ್ಸ್ ಸ್ಟ್ರೀಟ್‌ನಲ್ಲಿ ವಾದ್ಯ ಮಾಡೋದೇ ಹೆಚ್ಚುಕಮ್ಮಿ ನಿಂತಿತ್ತು ಅನ್ನೋ ಮಾತು ತುಂಬಾ ಕಾಲ ಓಡಾಡ್ತಿತ್ತು, ಆದ್ರೆ ಗಂಡಸರು ಸೈನ್ಯಕ್ಕೆ ಹೋದಾಗ ಹೆಂಗಸರು ಬೆಂಚಿಗೆ ಬಂದು ಗಿಟಾರ್ ಮಾಡಿದಾರೆ, ಕಾರ್ಖಾನೆ ಎದುರು ಸಾಲು ಸಾಲಾಗಿ ಬರೀ ಹೆಂಗಸರೇ ನಿಂತಿರೋ 1944ರ ಫೋಟೋ ಇದೆ. ಅವರು ಮಾಡಿದ ಗಿಟಾರ್‌ಗಳ ತಲೆ ಮೇಲೆ ಬ್ಯಾನರ್ ತರ ಒಂದು ಸಾಲು ಇರ್ತಿತ್ತು, ಅದಕ್ಕೇ ಸಂಗ್ರಾಹಕರು ಅವನ್ನ ಬ್ಯಾನರ್ ಗಿಬ್ಸನ್ ಅಂತ ಕರೆಯೋದು, ಇವತ್ತು ಅವುಗಳಿಗೆ ಬಹಳ ಬೆಲೆ. ಆ ಹೆಂಗಸರ ಹೆಸರು ಮಾತ್ರ ಯಾವ ಗಿಟಾರ್ ಮೇಲೂ ಇಲ್ಲ. ನಿಮ್ಮ ಹತ್ರ ಒಬ್ಬರ ಹೆಸರಿದೆ, ಮಗಳೂ ಇದಾರೆ.

ಆದ್ರೆ ಅಜ್ಜಿ ಹೇಳಿದ್ದನ್ನ ಒಂದು ಸಲ ಕಾಗದದಲ್ಲೂ ನೋಡ್ಕೊಳ್ಳಿ. ಆ ಕಾಲದ ಸಿಟಿ ಡೈರೆಕ್ಟರಿಗಳಲ್ಲಿ ಹೆಸರಿನ ಪಕ್ಕ ಕೆಲಸ ಕೂಡ ಹಾಕ್ತಿದ್ರು. ಕಲಮಜೂ ಪಬ್ಲಿಕ್ ಲೈಬ್ರರಿಯ ಸ್ಥಳೀಯ ಇತಿಹಾಸ ವಿಭಾಗದಲ್ಲಿ ಕೇಳಿ, ವೆಸ್ಟರ್ನ್ ಮಿಶಿಗನ್ ಯೂನಿವರ್ಸಿಟಿ ಆರ್ಕೈವ್ಸ್‌ನಲ್ಲೂ ಕೇಳಿ. ಫೋಟೋ ಬಳಸೋಕೆ ಬರಹದಲ್ಲಿ ಪರ್ಮಿಷನ್ ತಗೊಳ್ಳಿ. ಸಂಬಳದ ಚೀಟಿ, ಫೋಟೋ ಏನಾದ್ರೂ ಅಜ್ಜಿ ಕೊಟ್ರೆ ಒಳ್ಳೆ ಕಾಪಿ ಮಾಡಿಸಿ ಕಾಪಿ ಇಡಿ, ಒರಿಜಿನಲ್ ವಾಪಸ್ ಕೊಡಿ, ಬೆಳಕಿಗೆ ಕಾಗದ ಮಂಕಾದ್ರೆ ಮತ್ತೆ ಸರಿಹೋಗಲ್ಲ. ಗಿಟಾರ್‌ಗೂ ಎರವಲು ಪತ್ರ ಬೇಕೇ ಬೇಕು, ಎಷ್ಟು ದಿನ, ವಿಮೆ ಯಾರದ್ದು, ಬರುವಾಗ ಎಲ್ಲೆಲ್ಲಿ ಗೀರು ಇತ್ತು ಅಂತ ಫೋಟೋ ಸಮೇತ. ಪಕ್ಕದ ಮನೆಯವರು ಅಂತ ಸಂಕೋಚ ಪಡಬೇಡಿ, ಅವರ ಮೇಲಿನ ಗೌರವಕ್ಕೇ ಅದು ಬೇಕು.

ಬರಹ ಕಮ್ಮಿ ಇರಲಿ. ಮುಖ್ಯ ಲೇಬಲ್ 60-70 ಪದ, ಉಳಿದವು ಎರಡು ಸಾಲು. ಜನ ನಿಂತ್ಕೊಂಡು ಓದ್ತಾರೆ, ಒಂದು ಕೈಯಲ್ಲಿ ಮಗು ಇರುತ್ತೆ. ಗಿಟಾರ್ ಒಳಗೆ ಕ್ಯಾಮರಾ ಹಾಕಿ ಒಂದು ಫೋಟೋ ತೆಗೆಸಿ ದೊಡ್ಡದಾಗಿ ಪ್ರಿಂಟ್ ಹಾಕಿ. ಹಲಗೆ ಕೆಳಗೆ ಪಟ್ಟಿಗಳು ಏಣಿ ಮೆಟ್ಟಿಲ ತರ ಅಡ್ಡಡ್ಡ ಇರುತ್ತೆ, ದುಬಾರಿ ಗಿಬ್ಸನ್‌ಗಳಲ್ಲಿ ಅದೇ ಪಟ್ಟಿಗಳು ಎಕ್ಸ್ ಆಕಾರದಲ್ಲಿ ಹಾಯ್ದು ಹೋಗುತ್ತೆ. ಕಮ್ಮಿ ಖರ್ಚು ಅಂದ್ರೆ ಏನು ಅನ್ನೋದು ಆ ಒಂದು ಚಿತ್ರದಲ್ಲೇ ಗೊತ್ತಾಗುತ್ತೆ.

ಮುಟ್ಟೋಕೆ ಏನಾದ್ರೂ ಕೊಡಿ. ಇಲ್ಲಿ ಜೆಪಿ ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್‌ನಲ್ಲಿ ಹೊರಗಡೆ ಸೌಂಡ್ ಗಾರ್ಡನ್ ಇದೆ, ಮಕ್ಕಳು ಅಲ್ಲಿಂದ ಏಳೋದೇ ಇಲ್ಲ. ನಿಮಗೆ ಅಷ್ಟೆಲ್ಲ ಬೇಡ, ಬೀರು ಹೊರಗೆ ಎರಡು ಮಹಾಗನಿ ತುಂಡು ಸಾಕು, ಒಂದು ಗರಗಸದಿಂದ ಬಂದ ಹಾಗೆ ಒರಟು, ಇನ್ನೊಂದು ಉಪ್ಪುಕಾಗದ ಉಜ್ಜಿ ನುಣುಪು ಮಾಡಿದ್ದು. ಆಯಮ್ಮನ ದಿನದ ಕೆಲಸ ಕೈಗೆ ಸಿಗುತ್ತೆ.

ಸಿಕ್ಸ್ ಸ್ಟ್ರಿಂಗ್ ಸಾಗರ:

ಒಪ್ಪಿದೆ ಸರ್, ಎರಡು ಮರದ ತುಂಡಿನ ಐಡಿಯಾ ಓದಿದ್ಮೇಲೆ ನನ್ನ ಫೋಟೋ ಸಾಲು ಬೇಡ. ಒಂದು ಎಚ್ಚರಿಕೆ ಮರೆತಿದ್ದೆ. ಅಕ್ಕ, ಆ ಗಿಟಾರ್‌ಗೆ ಕೆಂಪು ಕಂದು ಗೆರೆ ಇರೋ ಪಿಕ್‌ಗಾರ್ಡ್, ಅಂದ್ರೆ ಮೈಗೆ ಗೀರು ಬೀಳದ ಹಾಗೆ ಅಂಟಿಸೋ ತೆಳು ಹಾಳೆ, ಇದೆಯಾ? ಅದು ಸೆಲ್ಯುಲಾಯ್ಡ್, ಕರ್ಪೂರ ಸೇರಿಸಿ ಮಾಡೋ ಪ್ಲಾಸ್ಟಿಕ್. ಹಳೇದಾಗಿ ಕೆಡೋಕೆ ಶುರುವಾದ್ರೆ ಆಮ್ಲದ ಆವಿ ಬಿಡುತ್ತೆ, ಮುಚ್ಚಿದ ಬೀರುವಿನಲ್ಲಿ ತಂತಿ, ತಂತಿ ಬಿಗಿ ಮಾಡೋ ಕೀ ಎಲ್ಲಾ ತುಕ್ಕು ಹಿಡಿಯುತ್ತೆ. ತೇವಕ್ಕೆ ಬೀರು ಮುಚ್ಚಿರಬೇಕು, ಇದಕ್ಕೆ ಗಾಳಿ ಬೇಕು, ಅದೇ ತೊಂದರೆ. ಪಿಕ್‌ಗಾರ್ಡ್‌ನಲ್ಲಿ ಬಿರುಕು, ಬೆವರಿದ ಹಾಗೆ ಅಂಟು, ಅಕ್ಕಪಕ್ಕ ಹಸಿರು ಕಿಲುಬು ಇದ್ರೆ ಬೀರುವಿನಲ್ಲಿ ಇಡೋ ಮುಂಚೆ ಹಳೇ ವಸ್ತು ಕಾಪಾಡೋ ಕೆಲಸ ಬಲ್ಲ ಕನ್ಸರ್ವೇಟರ್‌ಗೆ ತೋರಿಸಿ.

ಮೈಸೂರು ಟು ಮಿಶಿಗನ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಅಜ್ಜಿ ಮನೆ ಡೈನಿಂಗ್ ಟೇಬಲ್ ಮೇಲೆ ಕಂಬಳಿ ಹಾಸಿ ಗಿಟಾರ್ ಮಲಗಿಸಿ ಎಲ್ಲಾ ನೋಡಿದ್ವಿ. ಕನ್ನಡಿ ಹಾಕಿ ಟಾರ್ಚ್ ಓರೆ ಹಿಡಿದಾಗ ಇ ಮತ್ತು ಕೆ ಎರಡೂ ಕಾಣ್ತು, ಅಂದ್ರೆ 1939ರ ಕಲಮಜೂ. ಅಜ್ಜಿ ಅಷ್ಟು ವರ್ಷದಲ್ಲಿ ಒಂದು ಸಲವೂ ಒಳಗೆ ನೋಡಿರಲಿಲ್ಲವಂತೆ, ಕನ್ನಡಿ ತಗೊಂಡು ತುಂಬಾ ಹೊತ್ತು ಬಗ್ಗಿ ನೋಡ್ತಾನೇ ಇದ್ರು.

ಪಿಕ್‌ಗಾರ್ಡ್ ಕೆಂಪು ಗೆರೆದೇ. ಬಿರುಕಿಲ್ಲ, ಅಂಟಿಲ್ಲ, ಕೀಗಳ ಹತ್ರನೂ ಕಿಲುಬಿಲ್ಲ. ಆದ್ರೂ ಪ್ರತಿ ಶನಿವಾರ ನಾನು ಹೋದಾಗ ಬೀರು ಸ್ವಲ್ಪ ಹೊತ್ತು ತೆಗೆದಿಟ್ಟು ತಂತಿ, ಕೀ ನೋಡಿ ಒಂದು ಪುಸ್ತಕದಲ್ಲಿ ಬರೆದಿಡ್ತೀನಿ.

ಇನ್ನೊಂದು ಕಂಡಿದ್ದು ಹೇಳ್ಲೇಬೇಕು. ಫ್ರೆಟ್‌ಬೋರ್ಡ್‌ನಲ್ಲಿ ಮೊದಲ ಮೂರು ಮನೆಗಳಲ್ಲಿ ಮಾತ್ರ ಬೆರಳು ತೇದು ಗುಳಿ ಬಿದ್ದಿದೆ, ನಮ್ಮ ಅಜ್ಜಿ ಮನೆ ರುಬ್ಬೋ ಕಲ್ಲಿನ ಹಾಗೆ ನುಣುಪು, ಅಲ್ಲಿಂದ ಮೇಲಕ್ಕೆ ಹೊಸದರ ಹಾಗೇ ಇದೆ. ನಾಲ್ಕೈದು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಅಷ್ಟೇ ನುಡಿಸ್ತಿದ್ರು, ಅದನ್ನೇ ವರ್ಷಗಟ್ಟಲೆ ನುಡಿಸಿದಾರೆ ಅನ್ಸುತ್ತೆ. ಲೈಟ್ ಒಂದು ಅಲ್ಲಿಗೇ ಬೀಳೋ ಹಾಗೆ ಇಡ್ತೀನಿ, ಜಾಸ್ತಿ ಪ್ರಖರ ಇಲ್ಲದ್ದು.

ಎರವಲು ಪತ್ರಕ್ಕೆ ಅಜ್ಜಿ ಕೂತ್ಕೊಂಡು ಪೂರ್ತಿ ಓದಿ ಸೈನ್ ಹಾಕಿದ್ರು. ಡೈರೆಕ್ಟರಿ ನೋಡೋಕೆ ಮಂಗಳವಾರ ಲೈಬ್ರರಿಗೆ ಹೋಗ್ತೀವಿ, ಅಜ್ಜಿ ತಾನೂ ಬರ್ತೀನಿ ಅಂದಿದಾರೆ. ಲೇಬಲ್ ಹೀಗೆ ಶುರು ಮಾಡಿದೀನಿ, ಇಂಗ್ಲಿಷ್‌ನಲ್ಲಿ ಇರುತ್ತೆ, ನಿಮಗೆ ಅಂತ ಕನ್ನಡದಲ್ಲಿ ಹಾಕ್ತಿದೀನಿ:

"ಈ ಗಿಟಾರ್ ಮೇಲೆ ನಮ್ಮ ಊರಿನ ಹೆಸರಿದೆ. 1939ರಲ್ಲಿ ಪಾರ್ಸನ್ಸ್ ಸ್ಟ್ರೀಟ್‌ನ ಗಿಬ್ಸನ್ ಕಾರ್ಖಾನೆಯಲ್ಲಿ ಆಯಿತು, ಕಡಿಮೆ ದುಡ್ಡಿನವರಿಗೆ ಅಂತ. ಮೂರು ವರ್ಷದ ಮೇಲೆ ಇದರ ಒಡತಿ ಅದೇ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು, ಗಿಟಾರ್ ಕುತ್ತಿಗೆಗಳನ್ನು ನುಣುಪು ಮಾಡಿದಳು. ಮೊದಲ ಮೂರು ಫ್ರೆಟ್ ನೋಡಿ. ಅಲ್ಲಿನ ಗುಳಿ ಅವಳ ಬೆರಳುಗಳದ್ದು."

"ಮೂರು ವರ್ಷದ ಮೇಲೆ" ಅನ್ನೋದನ್ನ ಡೈರೆಕ್ಟರಿ ನೋಡಿದ್ಮೇಲೆ ಖಚಿತ ಮಾಡ್ತೀನಿ. ಇದರ ಮೇಲೆ ಅವರ ಪೂರ್ತಿ ಹೆಸರು ದೊಡ್ಡ ಅಕ್ಷರದಲ್ಲಿ ಬರುತ್ತೆ.

ಧಾರವಾಡ ತಂಬೂರಿ:

ಭಾಳ ಚಲೋ ಆತ್ರಿ ಅಕ್ಕಾರ. ತಂತಿ ಇಳಿಸೋಕಿಂತ ಮೊದಲ ರೆಕಾರ್ಡ್ ಮಾಡಿದ್ರೇನು? ಯಾರು ನುಡಿಸಿದ್ರು?

ಮೈಸೂರು ಟು ಮಿಶಿಗನ್:

ಮಾಡಿದ್ವಿ. ರಿಪೇರಿ ಮಾಡೋರೊಬ್ಬರು ಬಂದು ಬ್ರಿಡ್ಜ್ ನೋಡಿ, ಶ್ರುತಿ ಪೂರ್ತಿ ಏರಿಸಬೇಡಿ ಅಂದ್ರು, ಹಾಗಾಗಿ ಸ್ವಲ್ಪ ತಗ್ಗಿಸಿಯೇ ಅಜ್ಜಿನೇ ನುಡಿಸಿದ್ರು. ಎರಡು ಕಾರ್ಡ್ ಬರುತ್ತೆ ಅವರಿಗೆ, ಅವರಮ್ಮ ಹೇಳಿಕೊಟ್ಟಿದ್ದು. ಒಂದೂವರೆ ನಿಮಿಷ ಇದೆ, ಬೀರು ಪಕ್ಕ ಹೆಡ್‌ಫೋನ್ ಇಡ್ತೀವಿ.