ಹದಿನೈದರ ಮಗ ತೂಕಡಿಸಿದರೆ ಸೋಮಾರಿ ಅನ್ನಬೇಡಿ

ಅಕ್ಕ, ಹದಿನೈದು ವರ್ಷದ ಮಗ ಕ್ಲಾಸಿನಲ್ಲಿ ತೂಕಡಿಸುತ್ತಾನೆ, ಸಂಜೆ ಪುಸ್ತಕ ಹಿಡಿದರೆ ಅದರ ಮೇಲೇ ಮಲಗಿಬಿಡುತ್ತಾನೆ ಅಂತ ಬರೆದಿದ್ದಿರಿ. ಅದಕ್ಕೆ ಗ್ರೂಪಿನಲ್ಲಿ ಎಲ್ಲರೂ ಸೋಮಾರಿತನ, ಮೊಬೈಲ್ ಕಿತ್ತುಕೊಳ್ಳಿ ಅಂದರು. ನನಗೆ ಬೇಜಾರಾಯಿತು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಹೇಳುತ್ತೇನೆ.

ಮೊದಲು ಅವನು ಎಷ್ಟು ಗಂಟೆ ಮಲಗುತ್ತಾನೆ ಲೆಕ್ಕ ಹಾಕಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದೂವರೆಗೆ ಮಲಗಿ ಬೆಳಿಗ್ಗೆ ಐದೂವರೆಗೆ ಎದ್ದರೆ ಆರೇ ಗಂಟೆ ಆಯಿತು, ಅದೂ ವಾರಪೂರ್ತಿ ಹಾಗೇ ನಡೆದರೆ ಹಗಲು ಕಣ್ಣು ಎಳೆಯದೆ ಇನ್ನೇನಾಗುತ್ತದೆ?

ಹಾಗಾದರೆ ಬೇಗ ಮಲಗಲಿ ಅನ್ನುತ್ತೀರಿ, ಅಲ್ವಾ? ಅಲ್ಲೇ ಇರುವುದು ಕಷ್ಟ. ಈ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ತಡವಾಗಿ ಓಡುತ್ತದೆ. ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಮೆಲಟೋನಿನ್ ಚಿಕ್ಕಂದಿನಲ್ಲಿ ಬರುತ್ತಿದ್ದುದಕ್ಕಿಂತ ಒಂದೆರಡು ಗಂಟೆ ತಡವಾಗಿ ಬರುತ್ತದೆ. ಒಂಬತ್ತಕ್ಕೇ ಲೈಟ್ ಆರಿಸಿದರೂ ಅವನು ಸುಮ್ನೆ ಹೊರಳಾಡುತ್ತಾನೆ, ಅದು ಹಟ ಅಲ್ಲ. ಇದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಈ ವಯಸ್ಸಿನವರ ಶಾಲೆ ಎಂಟೂವರೆಗಿಂತ ಮುಂಚೆ ಶುರುವಾಗಬಾರದು ಅಂತ ಹೇಳಿತು. ಅಲ್ಲಿನ ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲ್ ಸಮಯ ಮುಂದಕ್ಕೆ ಹಾಕಿದಾಗ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಜಾಸ್ತಿ ಆಯಿತು. ಬೈಗುಳದಿಂದ ಆಗದ್ದು ಸಮಯ ಬದಲಾಯಿಸಿದ್ದಕ್ಕೆ ಆಯಿತು ನೋಡಿ.

ಮೊಬೈಲ್ ತಪ್ಪೇ ಇಲ್ಲ ಅನ್ನುತ್ತಿಲ್ಲ. ಅದರ ಬೆಳಕು ಒಂದು ಕಡೆ, ಅದರಲ್ಲಿ ನೋಡುವುದು ಮನಸ್ಸನ್ನು ಎಬ್ಬಿಸಿ ಕೂರಿಸುವುದು ಇನ್ನೊಂದು ಕಡೆ. ಮಲಗುವ ಕೋಣೆಯಿಂದ ಹೊರಗಿಡಿ, ಆದರೆ ನೀವೂ ಹೊರಗಿಡಿ. ಸಂಜೆಯ ಕಾಫಿ, ಎನರ್ಜಿ ಡ್ರಿಂಕ್ ನಿಲ್ಲಿಸಿ, ಕುಡಿದು ಐದು ಗಂಟೆ ಆದರೂ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ರಜೆ ದಿನ ಮಧ್ಯಾಹ್ನದವರೆಗೆ ಮಲಗಲು ಬಿಟ್ಟರೆ ಆ ಗಡಿಯಾರ ಇನ್ನೂ ಹಿಂದೆ ಬೀಳುತ್ತದೆ, ಹಾಗಾಗಿ ಒಂದು ಗಂಟೆ ಜಾಸ್ತಿ ಸಾಕು. ಎದ್ದ ತಕ್ಷಣ ಹೊರಗಿನ ಬೆಳಕಿಗೆ ಕಳಿಸಿ. ಸಂಜೆ ನಿದ್ದೆ ಉದ್ದ ಆದರೆ ರಾತ್ರಿಯದ್ದು ಹೋಯಿತು, ಬೇಕಿದ್ದರೆ ಮಧ್ಯಾಹ್ನವೇ ಇಪ್ಪತ್ತು ನಿಮಿಷ ಮಲಗಲಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಲಿಲ್ಲ. ಒಂಬತ್ತು ಗಂಟೆ ಮಲಗಿಯೂ ತೂಕಡಿಸಿದರೆ ಡಾಕ್ಟರಿಗೆ ತೋರಿಸಲೇಬೇಕು. ಗೊರಕೆ ಇದೆಯಾ, ಬಾಯಿ ತೆರೆದು ಉಸಿರಾಡುತ್ತಾನಾ ಗಮನಿಸಿ. ಟಾನ್ಸಿಲ್ ದಪ್ಪವಾಗಿ ಉಸಿರು ಕಟ್ಟಿಕೊಂಡು ಮತ್ತೆ ಮತ್ತೆ ಎಚ್ಚರ ಆಗುತ್ತಿದ್ದರೂ ಮಕ್ಕಳಿಗೆ ಗೊತ್ತಾಗುವುದಿಲ್ಲ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ನೆಗಡಿ ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳೂ ಮಂಪರು ತರುತ್ತವೆ. ಜೋರಾಗಿ ನಕ್ಕಾಗ ಮಂಡಿ ಕುಸಿದಂತೆ ಆಗುತ್ತದಾ ಅಂತಲೂ ಕೇಳಿ, ಹಗಲಲ್ಲೇ ತಡೆಯಲಾಗದ ನಿದ್ದೆ ತರುವ ನಾರ್ಕೊಲೆಪ್ಸಿ ಅನ್ನುವ ಅಪರೂಪದ ಕಾಯಿಲೆ ಎಷ್ಟೋ ಜನರಲ್ಲಿ ಈ ವಯಸ್ಸಿನಲ್ಲೇ ಶುರುವಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅವನ ಮನಸ್ಸು ಹೇಗಿದೆ ಅಂತ ಕೇಳಿ ಅಕ್ಕ. ಚಿಂತೆ, ಖಿನ್ನತೆ ಇದ್ದಾಗ ರಾತ್ರಿ ನಿದ್ದೆ ಬರುವುದಿಲ್ಲ, ಹಗಲು ಎದ್ದಿರಲು ಆಗುವುದಿಲ್ಲ.

ಇವತ್ತಿನಿಂದ ಮಲಗಿದ ಹೊತ್ತು, ಎದ್ದ ಹೊತ್ತು ಎರಡು ವಾರ ಬರೆದಿಡಿ. ಅವನ ಕೈಯಲ್ಲೇ ಬರೆಸಿ. ಡಾಕ್ಟರ್ ಹತ್ತಿರ ಹೋಗುವಾಗ ಆ ಹಾಳೆ ಜೊತೆಗಿರಲಿ, ಅವರು ಮೊದಲು ಕೇಳುವುದೇ ಅದನ್ನು.