ಅಪ್‌ಡೇಟ್: ಒಣದ್ರಾಕ್ಷಿ ತಿಂದಿದ್ದ ನಮ್ಮ ಕರಿಯ

ಪಾಯಸಕ್ಕೆಂದು ತೆಗೆದಿಟ್ಟಿದ್ದ ಒಣದ್ರಾಕ್ಷಿಯನ್ನು ನಮ್ಮ ನಾಯಿ ಕರಿಯ ಒಂದು ಹಿಡಿಯಷ್ಟು ತಿಂದುಬಿಟ್ಟಿದ್ದಾನೆ, ತೊಂದರೆಯಾದೀತೇ ಎಂದು ಹೋದ ವಾರ ಕೇಳಿದ್ದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡಕ್ಕೆ ವಿಷವಂತೆ. "ಕಾಯುತ್ತ ಕೂರಬೇಡಿ, ಈಗಲೇ ಹೊರಡಿ" ಎಂದು ಗದರಿದವರಿಗೆಲ್ಲ ನಮಸ್ಕಾರ.

ವೈದ್ಯರು ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸಿದರು. ನೀರು ಕುಡಿದು ಉಬ್ಬಿದ್ದ ದ್ರಾಕ್ಷಿಗಳು ಇಡಿಯಾಗಿಯೇ ಹೊರಬಂದವು, ಎಣಿಸಿದೆ, 19. ಆಮೇಲೆ ಎರಡು ದಿನ ಡ್ರಿಪ್. ಮೂರನೆಯ ದಿನದ ರಕ್ತಪರೀಕ್ಷೆಯಲ್ಲೂ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ಕಸ) ಏರಿರಲಿಲ್ಲ. ಮೂತ್ರಪಿಂಡಕ್ಕೆ ಏಟು ಬಿದ್ದಿದ್ದರೆ ಅಷ್ಟರಲ್ಲಿ ತಿಳಿಯುತ್ತಿತ್ತಂತೆ.

ನಾನು ಬೆಚ್ಚಿದ್ದು ಇನ್ನೊಂದಕ್ಕೆ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಈ ವಿಷ ಎಂಬುದು 2021ರಿಂದೀಚಿನ ಬಲವಾದ ಗುಮಾನಿ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳ! ನಾವೋ ಇಷ್ಟು ದಿನ ಹುಳಿಯನ್ನ ಕಲಸಿ ಹಾಕುತ್ತಿದ್ದೆವು, ಅದರಲ್ಲಿ ಈರುಳ್ಳಿ ಬೇರೆ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

"ನಮ್ಮ ಕಾಲದ ನಾಯಿಗಳೇನು ಸತ್ತುಹೋದವೇ?" ಎಂದು ವಾದಿಸುತ್ತಿದ್ದ ಅಜ್ಜಿಯೇ ಈಗ ಅವನ ತಟ್ಟೆಗೆ ಸಪ್ಪೆ ಅನ್ನ, ಬೇಯಿಸಿದ ಮೊಟ್ಟೆ ಹಾಕುತ್ತಾರೆ. ಕರಿಯ ಮೊಟ್ಟೆಯನ್ನಷ್ಟೇ ಆರಿಸಿ ತಿಂದು, ಅನ್ನವನ್ನು ಮೂಗಿನಿಂದ ಪಕ್ಕಕ್ಕೆ ತಳ್ಳುತ್ತಾನೆ.